ಉಗಿಬಂಡಿಯ ಸಾರಥ್ಯವಿದ್ಯೆ

ಪೀಠಿಕೆ

ರೈಲುಗಾಡಿಯು ನಮ್ಮ ದೇಶಕ್ಕೆ ಬಂದ ಹೊಸತರಲ್ಲಿ ಅದಕ್ಕೊಂದು ಹೆಸರು ಬೇಕಾಯಿತು. ಸಂಸ್ಕೃತದ ಬಳಕೆಯುಳ್ಳವರು ಅದನ್ನು ‘ಧೂಮಶಕಟ’ವೆಂದು ಕರೆದರು. ‘ಹೊಗೆಬಂಡಿ’, ‘ಉಗಿಬಂಡಿ’ ಎಂಬ ಅಚ್ಚಗನ್ನಡದ ಮಾತುಗಳೂ ಬಳಕೆಗೆ ಬಂದವು. ಈ ಮೂರು ಪದಗಳೂ ಒಂದೇ ವಸ್ತುವನ್ನು ಹೇಳುತ್ತವೆಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಆದರೆ ಪದಗಳನ್ನು ತೂಗಿ ನೋಡುವುದನ್ನೇ ಕಸುಬಾಗಿ ಮಾಡಿಕೊಂಡ ನನ್ನಂಥವನಿಗೆ ಇಲ್ಲೊಂದು ಭೇದವು ಕಾಣುತ್ತದೆ. ಬಂಡಿಯನ್ನು ಎಳೆಯುವುದು ಉಗಿ. ಹೊಗೆಗೂ ಎಳೆತಕ್ಕೂ ಸಂಬಂಧವಿಲ್ಲ. ದಟ್ಟವಾದ ಕರಿಯ ಹೊಗೆಯೆಂದರೆ ಪೂರ್ತಿ ಉರಿಯದೆ ಹೊರಬಿದ್ದ ಇದ್ದಲೇ ಹೊರತು ಬೇರೆಯಲ್ಲ. ಎಂಜಿನ್ನಿನ ಮೇಲೆ ದುಡಿದವರು ಅದನ್ನು ಬೆಂಕಿ ನೋಡುವವನ ಕೈತಪ್ಪೆಂದೇ ಎಣಿಸುತ್ತಿದ್ದರು. ದೂರದಲ್ಲಿ ನಿಂತು ನೋಡಿದವರು ಹೊಗೆಯನ್ನು ಕಂಡು ಹೆಸರಿಟ್ಟರು. ಒಳಗೆ ನಿಂತವರು ಬಲ್ಲ ಸಂಗತಿಯೇ ಬೇರೆ. ಆ ಒಳಗಿನವರ ವಿದ್ಯೆ ಎಂಥದು, ಅದು ಒಬ್ಬರಿಂದೊಬ್ಬರಿಗೆ ಹೇಗೆ ಬರುತ್ತಿತ್ತು ಎಂಬುದನ್ನು ತಿಳಿಯುವುದೇ ಈ ಲೇಖನದ ಉದ್ದೇಶ.

ಕನ್ನಡ ಪಂಡಿತನಿಗೆ ಎಂಜಿನ್ನಿನ ಗೊಡವೆ ಏಕೆಂದು ವಾಚಕರು ಕೇಳಬಹುದು. ಈಗ್ಗೆ ಸುಮಾರು ನಾಲ್ಕು ದಶಕಗಳ ಹಿಂದೆ, ನಾನು ಹುಡುಗನಾಗಿದ್ದಾಗ, ಉತ್ತರ ಕರ್ನಾಟಕದ ಮೀಟರ್ ಗೇಜ್ ಹಳಿಗಳ ಮೇಲೆ ಉಗಿ ಎಂಜಿನ್ನುಗಳು ಇನ್ನೂ ಓಡುತ್ತಿದ್ದವು. ನಮ್ಮೂರ ನಿಲ್ದಾಣದಲ್ಲಿ ನೀರು ತುಂಬಿಸಿಕೊಳ್ಳಲು ಎಂಜಿನ್ನು ಸ್ವಲ್ಪ ಹೊತ್ತು ನಿಲ್ಲುತ್ತಿತ್ತು. ಒಂದು ದಿನ ಧೈರ್ಯಮಾಡಿ ಹತ್ತಿರ ಹೋಗಿ, ‘ಕಾಕಾ, ಬೆಂಕಿ ತೋರಸ್ರೀ’ ಎಂದೆ. ವಯಸ್ಸಾದ ಡ್ರೈವರರು ನಕ್ಕು, ನನ್ನ ರಟ್ಟೆ ಹಿಡಿದು ಮೇಲಕ್ಕೆ ಹತ್ತಿಸಿಕೊಂಡು, ಬೆಂಕಿಯ ಬಾಗಿಲನ್ನು ತೆರೆಸಿದರು. ಕಣ್ಣಿಗೆ ಕುಕ್ಕುವ ಬಿಳಿಯ ಉರಿ. ನಾನು ಅದನ್ನೇ ನೋಡುತ್ತಿರಲು ಅವರು ನನ್ನ ಗದ್ದವನ್ನು ಹಿಡಿದು ಪಕ್ಕಕ್ಕೆ ತಿರುಗಿಸಿ, ಗೇಣುದ್ದದ ಒಂದು ಗಾಜಿನ ನಳಿಗೆಯನ್ನು ತೋರಿಸಿ, ‘ಬೆಂಕಿ ಎಲ್ಲಾರೂ ನೋಡ್ತಾರ ತಮ್ಮಾ, ನೀ ನೀರು ನೋಡು’ ಎಂದರು. ಆ ಮಾತಿನ ಅರ್ಥವು ನನಗೆ ತಿಳಿದದ್ದು ಬಹಳ ವರ್ಷಗಳ ಮೇಲೆ.

ಯಂತ್ರದ ಸ್ವರೂಪ

ಚಾಲನೆಯನ್ನು ತಿಳಿಯಬೇಕಾದರೆ ಮೊದಲು ಯಂತ್ರದ ಮುಖ್ಯ ಅಂಗಗಳನ್ನು ತಿಳಿಯಬೇಕು. ಉಗಿ ಎಂಜಿನ್ನಿನ ಹಿಂಭಾಗದಲ್ಲಿ, ಚಾಲಕರು ನಿಲ್ಲುವ ಕಟ್ಟೆಯ ಎದುರಿಗೆ, ಲೋಹದ ತಗಡಿನಿಂದ ಮಾಡಿದ ಬೆಂಕಿಗೂಡು ಇರುತ್ತದೆ. ಅದರಿಂದ ಮುಂದಕ್ಕೆ ಬಾಯ್ಲರ್ ಎಂಬ ಉದ್ದನೆಯ ಕೊಪ್ಪರಿಗೆ. ಬೆಂಕಿಯ ಬಿಸಿಗಾಳಿಯು ಬಾಯ್ಲರಿನ ಉದ್ದಕ್ಕೂ ಹಾಯ್ದಿರುವ ಅನೇಕ ಕೊಳವೆಗಳ ಮೂಲಕ ಸಾಗಿ, ಮುಂದುಗಡೆಯ ಹೊಗೆಗೂಡನ್ನು ಸೇರಿ, ಚಿಮಣಿಯಿಂದ ಹೊರಬೀಳುವುದು. ೧೮೨೯ರಲ್ಲಿ ರೈನ್‌ಹಿಲ್ ಎಂಬಲ್ಲಿ ನಡೆದ ಪರೀಕ್ಷೆಯಲ್ಲಿ ಗೆದ್ದ ಸ್ಟೀವನ್‌ಸನ್ನರ ‘ರಾಕೆಟ್’ ಎಂಜಿನ್ನಿನ ಗೆಲುವಿಗೆ ಈ ಬಹುಕೊಳವೆಗಳ ಏರ್ಪಾಡೇ ಒಂದು ಮುಖ್ಯ ಕಾರಣವಾಗಿತ್ತು.

ಇಲ್ಲಿ ನೆನಪಿನಲ್ಲಿಡಬೇಕಾದ ಸಂಗತಿಯೊಂದುಂಟು. ನೀರು ಕೊಳವೆಗಳ ಸುತ್ತ ಮಾತ್ರವಲ್ಲದೆ ಬೆಂಕಿಗೂಡಿನ ಪಕ್ಕಗಳಲ್ಲಿಯೂ ಅದರ ನೆತ್ತಿಯ ಮೇಲೂ ನಿಂತಿರುತ್ತದೆ. ಕೆಳಗೆ ಬೆಂಕಿ, ಮೇಲೆ ನೀರು, ನಡುವೆ ಒಂದು ತಗಡು. ಆ ನೀರು ಇರುವ ತನಕ ತಗಡು ತಾಳುತ್ತದೆ. ನೀರು ಇಳಿದು ನೆತ್ತಿಯ ತಗಡು ಬರಿದಾದರೆ, ಅದು ಕೆಲವೇ ನಿಮಿಷಗಳಲ್ಲಿ ಕಾದು ಮೆತ್ತಗಾಗಿ, ಮೇಲಿನ ಉಗಿಯ ಒತ್ತಡಕ್ಕೆ ಕುಸಿದು, ಬಾಯ್ಲರ್ ಸಿಡಿಯುವ ಸಂಭವವಿದೆ. ನಮ್ಮ ದೇಶದಲ್ಲಿ ಬಹುಕಾಲ ಓಡಿದ ಡಬ್ಲ್ಯೂ.ಪಿ. ಮತ್ತು ವೈ.ಪಿ. ವರ್ಗದ ಎಂಜಿನ್ನುಗಳಲ್ಲಿ ಉಗಿಯ ಒತ್ತಡವು ಚದರ ಅಂಗುಲಕ್ಕೆ ೨೧೦ ಪೌಂಡುಗಳಷ್ಟಿತ್ತು. ಇಷ್ಟು ಒತ್ತಡವು ಒಂದು ತಗಡಿನ ಮೇಲೆ ಕುಳಿತಿರುವಾಗ, ನೀರಿನ ಮಟ್ಟವನ್ನು ತೋರಿಸುವ ಗಾಜಿನ ನಳಿಗೆಯೇ ಆ ಇಬ್ಬರು ಮೂವರ ಪ್ರಾಣದ ಅಳತೆಗೋಲು. ನೆತ್ತಿಯ ತಗಡಿಗೆ ಸೀಸ ತುಂಬಿದ ಒಂದು ಬಿರಡೆಯನ್ನೂ ಹಾಕಿರುತ್ತಾರೆ. ನೀರು ಬತ್ತಿದರೆ ಸೀಸ ಕರಗಿ, ಉಗಿಯು ಬೆಂಕಿಯ ಮೇಲೆ ನುಗ್ಗಿ ಎಚ್ಚರಿಸುವುದು. ಆದರೆ ಅದು ಕಟ್ಟಕಡೆಯ ಎಚ್ಚರಿಕೆ. ಬಲ್ಲ ಚಾಲಕನು ಅಲ್ಲಿಯವರೆಗೆ ಹೋಗಗೊಡುವುದಿಲ್ಲ.

ಬಾಯ್ಲರಿನೊಳಗೆ ಅಷ್ಟು ಒತ್ತಡವಿರುವಾಗ ಹೊರಗಿನ ನೀರನ್ನು ಒಳಕ್ಕೆ ತಳ್ಳುವುದು ಹೇಗೆ? ೧೮೫೮ರಲ್ಲಿ ಫ್ರಾನ್ಸಿನ ಆನ್ರಿ ಜಿಫಾರ್ ಎಂಬವರು ಇಂಜೆಕ್ಟರ್ ಎಂಬ ಸಾಧನವನ್ನು ಕಂಡುಹಿಡಿದರು. ಬಾಯ್ಲರಿನ ಉಗಿಯನ್ನೇ ಸಣ್ಣ ಮೂತಿಯಿಂದ ವೇಗವಾಗಿ ಹಾಯಿಸಿ, ಆ ವೇಗದಿಂದ ತೊಟ್ಟಿಯ ತಣ್ಣೀರನ್ನು ಸೆಳೆದು, ಅದೇ ಬಾಯ್ಲರಿನೊಳಕ್ಕೆ ನುಗ್ಗಿಸುವ ಯುಕ್ತಿಯಿದು. ಚಲಿಸುವ ಭಾಗಗಳು ಇಲ್ಲವೆನ್ನುವಷ್ಟು ಸರಳವಾದ ಈ ಸಾಧನಕ್ಕೆ ಒಮ್ಮೊಮ್ಮೆ ಮುನಿಸು ಬರುವುದೂ ಉಂಟು. ಆ ಮುನಿಸಿನ ಕಥೆಯು ಮುಂದೆ ಬರುತ್ತದೆ.

ಕೊನೆಯದಾಗಿ, ಸಿಲಿಂಡರುಗಳಲ್ಲಿ ದುಡಿದು ಮುಗಿಸಿದ ಉಗಿಯನ್ನು ಚಿಮಣಿಯ ಬುಡದಲ್ಲಿ ಮೇಲ್ಮುಖವಾಗಿ ಊದಿಬಿಡುತ್ತಾರೆ. ಅದು ಹೊರಹೋಗುವಾಗ ಹೊಗೆಗೂಡಿನ ಗಾಳಿಯನ್ನು ಸೆಳೆದುಕೊಂಡು ಹೋಗುವುದರಿಂದ, ಹಿಂದೆ ಬೆಂಕಿಗೆ ಹೊಸ ಗಾಳಿಯು ನುಗ್ಗುತ್ತದೆ. ಎಂಜಿನ್ನು ಹೆಚ್ಚು ದುಡಿದಷ್ಟೂ ಬೆಂಕಿ ಹೆಚ್ಚು ಉರಿಯುತ್ತದೆ. ನಾವು ದೂರದಿಂದ ಕೇಳುತ್ತಿದ್ದ ‘ಛುಕ್ ಛುಕ್’ ಎಂಬ ನಾದವು ಈ ಊದುವಿಕೆಯದೇ.

ಫೈರ್‌ಮನ್ನನ ಕೈ

ಇದ್ದಲನ್ನು ಸಲಿಕೆಯಿಂದ ಎತ್ತಿ ಬೆಂಕಿಗೆ ಹಾಕುವುದು ಬರಿಯ ಕೂಲಿಯ ಕೆಲಸವೆಂದು ಹೊರಗಿನವರು ಎಣಿಸುವುದುಂಟು. ಕಷ್ಟದ ಕೆಲಸವೆಂಬುದು ನಿಜವೇ. ಒಬ್ಬ ಮನುಷ್ಯನು ಎಡೆಬಿಡದೆ ಎತ್ತಿ ಹಾಕಬಲ್ಲ ಇದ್ದಲಿನ ಮಿತಿಯನ್ನು ಬ್ರಿಟನ್ನಿನಲ್ಲಿ ಗಂಟೆಗೆ ೩,೦೦೦ ಪೌಂಡು, ಎಂದರೆ ಸುಮಾರು ೧,೩೬೦ ಕಿಲೋಗ್ರಾಂ ಎಂದು ಎಣಿಸಿದ್ದರು. ಅದೂ ಎಲ್ಲಿ? ಓಲಾಡುವ ಕಟ್ಟೆಯ ಮೇಲೆ, ಮುಂದೆ ಬೆಂಕಿಯ ಕಾವು, ಹಿಂದೆ ಬೀಸುವ ಗಾಳಿ, ಇವುಗಳ ನಡುವೆ ನಿಂತು.

ಆದರೆ ಎಷ್ಟು ಹಾಕಬೇಕೆಂಬುದಕ್ಕಿಂತ ಎಲ್ಲಿ, ಯಾವಾಗ ಹಾಕಬೇಕೆಂಬುದು ದೊಡ್ಡದು. ಇದ್ದಲನ್ನು ಮುಷ್ಟಿಗಾತ್ರಕ್ಕೆ ಒಡೆದುಕೊಳ್ಳಬೇಕು. ಒಮ್ಮೆಗೇ ರಾಶಿ ಹಾಕಿದರೆ ಬೆಂಕಿ ತಣ್ಣಗಾಗಿ ಕರಿಯ ಹೊಗೆ ಎದ್ದೀತು. ಆದುದರಿಂದ ಸ್ವಲ್ಪ ಸ್ವಲ್ಪವಾಗಿ, ಪದೇ ಪದೇ ಹಾಕುವುದೇ ಕ್ರಮ. ಬೆಂಕಿಗೂಡಿನ ಬಾಗಿಲ ಬಳಿಯಲ್ಲಿಯೂ ಹಿಂದಣ ಮೂಲೆಗಳಲ್ಲಿಯೂ ದಪ್ಪವಾಗಿ, ಮುಂದೆ ಹೋದಂತೆ ತೆಳ್ಳಗೆ ಹರಡಬೇಕು. ಎಲ್ಲಿ ಬೆಂಕಿ ಹೆಚ್ಚು ಬೆಳ್ಳಗೆ ಉರಿದು ತೆಳುವಾಗಿದೆಯೋ ಅಲ್ಲಿಗೆ ಮುಂದಿನ ಸಲಿಕೆ ಬೀಳಬೇಕು. ಆ ಪ್ರಖರವಾದ ಬೆಳಕಿನಲ್ಲಿ ಒಳಗೇನೂ ಕಾಣದು. ಅದಕ್ಕಾಗಿ ಅನುಭವಿಯು ಸಲಿಕೆಯನ್ನು ಬಾಗಿಲಲ್ಲಿ ಓರೆಯಾಗಿ ಹಿಡಿದು, ಒಳನುಗ್ಗುವ ಗಾಳಿಯನ್ನು ಒಂದು ಕಡೆಗೆ ತಿರುಗಿಸಿ, ಉರಿ ಸರಿದ ಕ್ಷಣದಲ್ಲಿ ತಳವನ್ನು ನೋಡಿಕೊಳ್ಳುತ್ತಾನೆ. ನಮ್ಮ ದೇಶದ ಇದ್ದಲಿನಲ್ಲಿ ಬೂದಿಯ ಅಂಶ ಹೆಚ್ಚು. ಬೂದಿ ಕರಗಿ ಕಿಟ್ಟಗಟ್ಟಿ ಜಾಲರಿಯನ್ನು ಮುಚ್ಚಿದರೆ ಗಾಳಿಯ ದಾರಿಯೇ ನಿಂತೀತು. ಆದುದರಿಂದ ಇಲ್ಲಿ ಡ್ರೈವರನ ಜೊತೆಗೆ ಇಬ್ಬರು ಫೈರ್‌ಮನ್ನರು ಇರುತ್ತಿದ್ದರು. ಒಬ್ಬನು ಬೆಂಕಿಗೆ ಇದ್ದಲು ಹಾಕಿದರೆ ಇನ್ನೊಬ್ಬನು ಇದ್ದಲು ಒಡೆದು ಮುಂದಕ್ಕೆ ಎಳೆಯುತ್ತಿದ್ದನು.

ಇನ್ನೊಂದು ಸಂಗತಿ. ಈಗ ಹಾಕಿದ ಇದ್ದಲು ಈಗಲೇ ಉಗಿಯಾಗದು; ಅದಕ್ಕೆ ಕೆಲವು ನಿಮಿಷಗಳು ಬೇಕು. ಏರು ಬಂದ ಮೇಲೆ ಬೆಂಕಿ ಕಟ್ಟಲು ಹೊರಟವನು ಏರಿನ ನಡುವೆ ನಿಲ್ಲುತ್ತಾನೆ. ಮುಂದೆ ಬರುವ ಏರನ್ನು ಮೊದಲೇ ಬಲ್ಲವನು ಮಾತ್ರ ಸರಿಯಾಗಿ ಬೆಂಕಿ ಕಟ್ಟಬಲ್ಲನು.

ಡ್ರೈವರನ ಕಿವಿ ಮತ್ತು ಕಣ್ಣು

ಡ್ರೈವರನ ಕೈಯಲ್ಲಿ ಮುಖ್ಯವಾಗಿ ಮೂರು ಸಾಧನಗಳಿರುತ್ತವೆ. ಉಗಿಯನ್ನು ಬಿಡುವ ರೆಗ್ಯುಲೇಟರ್, ಪಿಸ್ಟನ್ನಿನ ಓಟದ ಎಷ್ಟು ಭಾಗದವರೆಗೆ ಉಗಿ ಒಳಗೆ ಬರಬೇಕೆಂಬುದನ್ನು ನಿಗದಿಮಾಡುವ ರಿವರ್ಸರ್, ಮತ್ತು ಬ್ರೇಕು. ಹೊರಡುವಾಗ ಸಿಲಿಂಡರಿನಲ್ಲಿ ತಣಿದು ನಿಂತ ನೀರನ್ನು ಮೊದಲು ಹೊರಗೆ ಬಿಡಬೇಕು. ನೀರನ್ನು ಅದುಮಲಾಗದಾದ್ದರಿಂದ, ಅದು ಒಳಗೆ ಸಿಕ್ಕಿದರೆ ಸಿಲಿಂಡರಿನ ಮುಚ್ಚಳವೇ ಒಡೆದುಹೋದೀತು. ನಿಲ್ದಾಣದಿಂದ ಹೊರಡುವ ಎಂಜಿನ್ನು ಅಕ್ಕಪಕ್ಕದಲ್ಲಿ ಬುಸ್ಸೆಂದು ಬಿಡುತ್ತಿದ್ದ ಬಿಳಿಯ ಮೋಡಕ್ಕೆ ಕಾರಣವಿದು. ಬಳಿಕ ರೆಗ್ಯುಲೇಟರನ್ನು ಮೆಲ್ಲನೆ ತೆರೆಯಬೇಕು. ಅವಸರಪಟ್ಟರೆ ಒದ್ದೆ ಹಳಿಯ ಮೇಲೆ ಗಾಲಿಗಳು ನಿಂತಲ್ಲೇ ಗಿರಗಿರನೆ ತಿರುಗುತ್ತವೆ. ಆಗ ಉಗಿ ಮುಚ್ಚಿ, ಹಳಿಯ ಮೇಲೆ ಮರಳು ಉದುರಿಸಿ, ಮತ್ತೆ ತಾಳ್ಮೆಯಿಂದ ತೊಡಗಬೇಕು.

ಗಾಡಿಗೆ ವೇಗ ಬಂದಂತೆ ರಿವರ್ಸರನ್ನು ಹಿಂದಕ್ಕೆಳೆದು ಉಗಿಯ ಪ್ರಮಾಣವನ್ನು ಕಡಿಮೆ ಮಾಡುತ್ತ ಹೋಗುವುದರಲ್ಲಿ ಚಾಲಕನ ಜಾಣ್ಮೆಯೆಲ್ಲ ಅಡಗಿದೆ. ಹೊರಡುವಾಗ ಪಿಸ್ಟನ್ನಿನ ಓಟದ ಮುಕ್ಕಾಲು ಪಾಲಿನವರೆಗೆ ಉಗಿ ಬಿಟ್ಟರೆ, ವೇಗ ಬಂದ ಮೇಲೆ ಕಾಲು ಪಾಲೋ ಅದಕ್ಕಿಂತ ಕಡಿಮೆಯೋ ಸಾಕು. ಉಳಿದ ಓಟವನ್ನು ಉಗಿಯು ತಾನೇ ಹಿಗ್ಗಿ ಪೂರೈಸುವುದು. ಈ ಮಿತವ್ಯಯವನ್ನು ಅರಿಯದ ಡ್ರೈವರನು ಫೈರ್‌ಮನ್ನನ ಬೆವರನ್ನು ಚಿಮಣಿಯಿಂದ ಹೊರಗೆಸೆದಂತೆಯೇ. ಎರಡು ಸಿಲಿಂಡರಿನ ಎಂಜಿನ್ನು ಗಾಲಿಯ ಒಂದು ಸುತ್ತಿಗೆ ನಾಲ್ಕು ಸಲ ಉಸಿರು ಬಿಡುತ್ತದೆ. ಆ ನಾಲ್ಕೂ ಸಮನಾಗಿವೆಯೇ ಎಂಬುದನ್ನು ಡ್ರೈವರನ ಕಿವಿಯು, ತಾಳ ತಪ್ಪುವುದನ್ನು ಗಮನಿಸುವ ಸಂಗೀತಗಾರನ ಕಿವಿಯಂತೆ, ಸದಾ ಕೇಳುತ್ತಿರಬೇಕು.

ಇದಕ್ಕಿಂತ ದೊಡ್ಡದು ದಾರಿಯ ಜ್ಞಾನ. ಉದ್ದನೆಯ ಬಾಯ್ಲರಿನ ಹಿಂದೆ ನಿಂತವನಿಗೆ ಎದುರಿನ ದಾರಿ ಕಾಣುವುದೇ ಅಲ್ಪ. ರಾತ್ರಿಯಲ್ಲಿ, ಮಂಜಿನಲ್ಲಿ, ಉಗಿಯು ಕೆಳಕ್ಕಿಳಿದು ಕಣ್ಣಿಗಡ್ಡವಾದಾಗ, ಎಣ್ಣೆದೀಪದ ಕೈಮರಗಳನ್ನು ಹುಡುಕುತ್ತ ಕುಳಿತರೆ ಆಗದು. ಅವು ಎಲ್ಲಿವೆಯೆಂದು ಮೊದಲೇ ಗೊತ್ತಿರಬೇಕು. ಯಾವ ಸೇತುವೆಯ ಸದ್ದು ಹೇಗೆ, ಎಲ್ಲಿ ತಿರುವು, ಎಲ್ಲಿ ಇಳಿಜಾರು ಎಂಬುದೆಲ್ಲ ಕಂಠಪಾಠವಾಗಿರಬೇಕು. ಬ್ರಿಟನ್ನಿನಲ್ಲಿ ಒಂದು ದಾರಿಯನ್ನು ತಾನು ಬಲ್ಲೆನೆಂದು ಸಹಿ ಹಾಕದೆ ಯಾವ ಡ್ರೈವರನೂ ಆ ದಾರಿಯಲ್ಲಿ ಸ್ವತಂತ್ರವಾಗಿ ಗಾಡಿ ನಡೆಸುವಂತಿರಲಿಲ್ಲ.

ಒಂದು ದಾರಿಯ ದೃಷ್ಟಾಂತ

ಈ ವಿದ್ಯೆಯ ಕಾಠಿನ್ಯವನ್ನು ಒಂದೇ ದಾರಿಯಲ್ಲಿ ತೋರಿಸಬೇಕಾದರೆ, ಉಗಿ ಎಂಜಿನ್ನಿನ ತವರಾದ ಇಂಗ್ಲೆಂಡಿನಲ್ಲಿರುವ ಸೆಟ್ಲ್–ಕಾರ್ಲೈಲ್ ಮಾರ್ಗಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ. ಕಡಿದಾದ ಏರು ನಮ್ಮಲ್ಲಿಯೂ ಉಂಟು. ಕ್ಯಾಸಲ್ ರಾಕ್‌ನಿಂದ ಗೋವೆಯ ಕಡೆಗೆ ಇಳಿಯುವ ಘಟ್ಟದಲ್ಲಿ ೩೭ ಅಡಿಗೆ ೧ ಅಡಿಯಷ್ಟು ಏರಿದೆ. ಆದರೆ ಘಟ್ಟದಲ್ಲಿ ಗಾಡಿ ನಿಧಾನವಾಗಿಯೇ ಸಾಗುವುದು. ಸೆಟ್ಲ್–ಕಾರ್ಲೈಲ್ ಮಾರ್ಗದಲ್ಲಾದರೋ ವೇಗದ ಗಾಡಿಗಳನ್ನೇ ಎಡೆಬಿಡದ ದೀರ್ಘವಾದ ಏರಿನಲ್ಲಿ ಹತ್ತಿಸಬೇಕಾಗಿತ್ತು.

ಮಿಡ್ಲೆಂಡ್ ರೈಲ್ವೆಯು ಕಟ್ಟಿದ ಈ ಮಾರ್ಗವು ೧೮೭೬ರ ಮೇ ತಿಂಗಳಲ್ಲಿ ಪ್ರಯಾಣಿಕರಿಗೆ ತೆರೆಯಿತು. ಉದ್ದ ಸುಮಾರು ೧೧೬ ಕಿಲೋಮೀಟರು. ದಕ್ಷಿಣದಿಂದ ಹೊರಟರೆ ಸೆಟ್ಲ್ ಜಂಕ್ಷನ್ನಿನಿಂದ ಬ್ಲೀ ಮೂರ್‌ವರೆಗೆ ಸುಮಾರು ೨೪ ಕಿಲೋಮೀಟರು ಬಹುಮಟ್ಟಿಗೆ ನೂರಕ್ಕೆ ೧ರ ಏರು. ಎಂಜಿನ್ನಿನವರು ಇದನ್ನು ‘ಉದ್ದನೆಯ ಎಳೆತ’ವೆಂದೇ ಕರೆಯುತ್ತಿದ್ದರು. ಇಪ್ಪತ್ತನಾಲ್ಕು ಕಮಾನುಗಳ ರಿಬ್ಬಲ್‌ಹೆಡ್ ಸೇತುವೆಯನ್ನು ದಾಟಿ, ೨,೪೦೪ ಮೀಟರು ಉದ್ದದ ಬ್ಲೀ ಮೂರ್ ಸುರಂಗವನ್ನು ಹೊಕ್ಕು, ಮುಂದೆ ಏಸ್ ಗಿಲ್ ಎಂಬ ನೆತ್ತಿಯನ್ನು ಮುಟ್ಟಿದಾಗ ಸಮುದ್ರಮಟ್ಟದಿಂದ ೩೫೬ ಮೀಟರು ಎತ್ತರ.

ಈ ದಾರಿಯಲ್ಲಿ ಇಬ್ಬರ ಕೆಲಸವೂ ಹೇಗೆ ಹೆಣೆದುಕೊಳ್ಳುತ್ತದೆಂಬುದನ್ನು ನೋಡಿ. ಏರು ತೊಡಗುವ ಮೊದಲೇ ಫೈರ್‌ಮನ್ನನು ಬೆಂಕಿಯನ್ನು ಕಟ್ಟಿ, ಬಾಯ್ಲರನ್ನು ತುಂಬಿಸಿಟ್ಟುಕೊಂಡಿರುತ್ತಾನೆ. ಡ್ರೈವರನು ಏರಿನ ಬುಡಕ್ಕೆ ಗಾಡಿಯನ್ನು ವೇಗವಾಗಿ ತಂದು ನುಗ್ಗಿಸುತ್ತಾನೆ. ವೇಗ ಇಳಿದಂತೆ ಉಗಿಯನ್ನು ಹೆಚ್ಚಿಸಬೇಕು. ಉಗಿ ಹೆಚ್ಚಿದಂತೆ ನೀರು ಬೇಗ ಖರ್ಚಾಗುವುದು. ಇಂಜೆಕ್ಟರಿನಿಂದ ತಣ್ಣೀರನ್ನು ಒಳಗೆ ಬಿಟ್ಟರೆ ಒತ್ತಡ ಕುಗ್ಗುವುದು. ಒಂದನ್ನು ಕೊಟ್ಟರೆ ಇನ್ನೊಂದು ಹೋಗುವ ಈ ಲೆಕ್ಕವನ್ನು ನಿಮಿಷ ನಿಮಿಷಕ್ಕೂ ಸರಿದೂಗಿಸಬೇಕು.

ಸುರಂಗದ ಬಾಯಲ್ಲಿ ಇನ್ನೊಂದು ಅಪಾಯ. ರೆಗ್ಯುಲೇಟರನ್ನು ಮುಚ್ಚಿದರೆ ಚಿಮಣಿಯ ಸೆಳೆತವು ನಿಲ್ಲುತ್ತದೆ. ಆಗ ಸುರಂಗದ ಗಾಳಿಯ ಒತ್ತಡಕ್ಕೆ ಬೆಂಕಿಯು ಹಿಮ್ಮುಖವಾಗಿ ಚಾಲಕರ ಮೇಲೆಯೇ ನುಗ್ಗಬಹುದು. ಆದುದರಿಂದ ಹೊಗೆಗೂಡಿನಲ್ಲಿ ಪ್ರತ್ಯೇಕವಾಗಿ ಉಗಿ ಊದುವ ಬ್ಲೋವರನ್ನು ಮೊದಲೇ ತೆರೆದು, ಬೆಂಕಿಯ ಬಾಗಿಲನ್ನು ಮುಚ್ಚಿ, ಆಮೇಲೆಯೇ ರೆಗ್ಯುಲೇಟರಿಗೆ ಕೈ ಹಾಕಬೇಕು. ಕ್ರಮವನ್ನು ಹಿಂದುಮುಂದು ಮಾಡಿದವನಿಗೆ ಮೈ ಸುಡುವುದು.

ನೆತ್ತಿಯನ್ನು ದಾಟುವಾಗಿನ ಅಪಾಯವು ಕಣ್ಣಿಗೆ ಕಾಣದಂಥದು. ಎಂಜಿನ್ನು ಏರುತ್ತಿರುವಾಗ ಅದರ ಮೂತಿಯು ಮೇಲಕ್ಕಿರುವುದರಿಂದ ಬಾಯ್ಲರಿನ ನೀರು ಹಿಂದಕ್ಕೆ, ಬೆಂಕಿಗೂಡಿನ ಕಡೆಗೆ ಸರಿದಿರುತ್ತದೆ. ಹಿಂದುಗಡೆಯಿರುವ ಗಾಜಿನ ನಳಿಗೆಯು ಇರುವುದಕ್ಕಿಂತ ಹೆಚ್ಚಿನ ನೀರನ್ನು ತೋರಿಸುತ್ತದೆ. ನೆತ್ತಿ ದಾಟಿ ಮೂತಿ ಕೆಳಗಾದ ಕೂಡಲೇ ಅದೇ ನೀರು ಮುಂದಕ್ಕೆ ಹರಿದು, ನಳಿಗೆಯ ಮಟ್ಟವು ಸರ್ರನೆ ಇಳಿಯುವುದು. ಏರುವಾಗ ಸಾಕೆಂದು ತೋರಿದ ನೀರು ಇಳಿಯುವಾಗ ತಗಡನ್ನು ಬರಿದು ಮಾಡಬಲ್ಲದು. ಕಂಡದ್ದನ್ನು ಕಂಡಂತೆಯೇ ನಂಬದೆ, ಮುಂದಿನ ದಾರಿಯನ್ನು ಕೂಡಿಸಿ ಓದಬೇಕಾದ ನಳಿಗೆಯಿದು. ‘ನೀ ನೀರು ನೋಡು’ ಎಂದ ಹಿರಿಯರ ಮಾತಿನ ಆಳವು ಇಲ್ಲಿದೆ.

೧೯೧೩ರ ದುರಂತ

ಇದೇ ಏಸ್ ಗಿಲ್ ನೆತ್ತಿಯ ಬಳಿ ೧೯೧೩ರ ಸೆಪ್ಟೆಂಬರ್ ೨ರ ನಸುಕಿನಲ್ಲಿ ನಡೆದ ಅವಘಡವು ಈ ವಿದ್ಯೆಯಲ್ಲಿ ಏನು ಪಣವಾಗಿದೆ ಎಂಬುದನ್ನು ತಿಳಿಸುತ್ತದೆ. ಕಾರ್ಲೈಲಿನಿಂದ ದಕ್ಷಿಣಕ್ಕೆ ಎರಡು ಪ್ರಯಾಣಿಕರ ಗಾಡಿಗಳು ಒಂದರ ಹಿಂದೆ ಒಂದು ಹೊರಟವು. ಮೊದಲನೆಯ ಎಂಜಿನ್ನಿಗೆ ದೊರೆತದ್ದು ಜರಡಿ ಹಿಡಿಯದ, ಪುಡಿ ಹೆಚ್ಚಾದ ಇದ್ದಲು. ಗಾಡಿಯ ಭಾರವೂ ಆ ಎಂಜಿನ್ನಿಗೆ ಗೊತ್ತುಮಾಡಿದ ಮಿತಿಯನ್ನು ಸ್ವಲ್ಪ ಮೀರಿತ್ತು. ಸಹಾಯಕ್ಕೆ ಇನ್ನೊಂದು ಎಂಜಿನ್ನು ಸಿಗಲಿಲ್ಲ. ಒತ್ತಡ ಕುಗ್ಗುತ್ತ ಹೋಗಿ, ನೆತ್ತಿಯು ಇನ್ನೇನು ಬಂದಿತೆನ್ನುವಷ್ಟರಲ್ಲಿ ಗಾಡಿಯು ನಿಂತುಬಿಟ್ಟಿತು. ಹಿಂದಕ್ಕೆ ಹೋಗಿ ಎಚ್ಚರಿಕೆ ಕೊಡುವುದರಲ್ಲಿಯೂ ತಡವಾಯಿತು.

ಎರಡನೆಯ ಎಂಜಿನ್ನಿನ ಡ್ರೈವರನು ಆಗಿನ ರೂಢಿಯಂತೆ, ಗಾಡಿ ಓಡುತ್ತಿರುವಾಗಲೇ ಪಕ್ಕದ ಹಾದಿಯಲ್ಲಿ ನಡೆದು ಎಂಜಿನ್ನಿನ ಭಾಗಗಳಿಗೆ ಎಣ್ಣೆ ಹಾಕಲು ಹೋಗಿದ್ದನು. ಜೋರು ಗಾಳಿಯಲ್ಲಿ ಆ ಕೆಲಸಕ್ಕೆ ಹೊತ್ತು ಹಿಡಿಯಿತು. ಮರಳಿ ಬಂದಾಗ ಇಂಜೆಕ್ಟರು ಕೆಲಸ ಮಾಡುತ್ತಿರಲಿಲ್ಲ. ನಳಿಗೆಯಲ್ಲಿ ನೀರು ಇಳಿಯುತ್ತಿತ್ತು. ಇಬ್ಬರೂ ಇಂಜೆಕ್ಟರನ್ನು ಸರಿಪಡಿಸುವುದರಲ್ಲಿ ಮಗ್ನರಾದರು. ಆ ಹೊತ್ತಿನಲ್ಲಿಯೇ ಮ್ಯಾಲರ್‌ಸ್ಟಾಂಗ್‌ನ ಅಪಾಯದ ಕೈಮರಗಳು ಹಿಂದೆ ಸರಿದವು. ನಿಂತಿದ್ದ ಗಾಡಿಗೆ ಹಿಂದಿನಿಂದ ಈ ಗಾಡಿ ಬಡಿಯಿತು. ಬೋಗಿಗಳ ಗ್ಯಾಸ್ ದೀಪಗಳಿಂದ ಬೆಂಕಿ ಹತ್ತಿಕೊಂಡಿತು. ಹದಿನಾರು ಜನರು ಪ್ರಾಣ ಕಳೆದುಕೊಂಡರು. ಕೈಮರಗಳನ್ನು ನೋಡದೆ ಹೋದದ್ದೇ ಅಪಘಾತಕ್ಕೆ ಮುಖ್ಯ ಕಾರಣವೆಂದು ವಿಚಾರಣೆಯಲ್ಲಿ ನಿರ್ಣಯವಾಯಿತು.

ಆ ಡ್ರೈವರನು ಸೋಮಾರಿಯಾಗಿರಲಿಲ್ಲ, ನಿದ್ರಿಸುತ್ತಲೂ ಇರಲಿಲ್ಲ. ನೀರು ನೋಡಬೇಕೆಂಬ ಮೊದಲ ಪಾಠವನ್ನು ಪಾಲಿಸುತ್ತಲೇ ದಾರಿ ನೋಡಬೇಕೆಂಬ ಎರಡನೆಯ ಪಾಠವನ್ನು ಮರೆತನು. ಎರಡೂ ಸತ್ಯವಾದ ಕರ್ತವ್ಯಗಳೇ. ಒಂದರಲ್ಲಿ ಮುಳುಗಿರುವಾಗ ಇನ್ನೊಂದನ್ನು ಬಿಡದಿರುವ ಎಚ್ಚರವನ್ನು ನಿಯಮದ ಪುಸ್ತಕವು ಹೇಳಬಲ್ಲದಾದರೂ ಕೊಡಲಾರದು. ಅದು ಬಹುಕಾಲದ ಅಭ್ಯಾಸದಿಂದ, ಬಲ್ಲವರ ಪಕ್ಕದಲ್ಲಿ ನಿಂತು ಬರಬೇಕಾದುದು. ಅಷ್ಟಾದರೂ ತಪ್ಪುವ ಸಂಭವವುಂಟೆಂದೇ ಮುಂದಿನ ಕಾಲದಲ್ಲಿ ಅಪಾಯದ ಸಂಕೇತವನ್ನು ಮೀರಿದರೆ ತಾನಾಗಿ ಬ್ರೇಕು ಹಾಕುವ ಸಾಧನಗಳು ಬಂದವು.

ವಿದ್ಯೆಯು ದಾಟಿದ ಬಗೆ

ಅಂಥ ಎಚ್ಚರವನ್ನು ಕಲಿಸುತ್ತಿದ್ದ ಶಾಲೆ ಯಾವುದು? ಎಂಜಿನ್ನಿನ ಶೆಡ್ಡೇ ಆ ಶಾಲೆ. ಹುಡುಗನು ಮೊದಲು ಕ್ಲೀನರನಾಗಿ ಸೇರಿ, ಎಂಜಿನ್ನಿನ ಮಸಿ ಒರಸುತ್ತ ಅದರ ಅಂಗಾಂಗಗಳನ್ನು ಕೈಯಿಂದಲೇ ತಿಳಿಯುತ್ತಿದ್ದನು. ಬಳಿಕ ಫೈರ್‌ಮನ್ನನಾಗಿ ಮೊದಲು ಅಂಗಳದೊಳಗಿನ ಎಂಜಿನ್ನು, ಆಮೇಲೆ ಸರಕಿನ ಗಾಡಿ, ಆಮೇಲೆ ಪ್ರಯಾಣಿಕರ ಗಾಡಿ ಎಂದು ಮೆಟ್ಟಿಲು ಮೆಟ್ಟಿಲಾಗಿ ಏರುತ್ತಿದ್ದನು. ವೇಗದ ಗಾಡಿಯ ರೆಗ್ಯುಲೇಟರು ಕೈಗೆ ಬರುವಷ್ಟರಲ್ಲಿ ಎರಡು ದಶಕಗಳೂ ಮೀರಿ ಕಳೆದಿರುವುದು ಅಪರೂಪವಾಗಿರಲಿಲ್ಲ. ನಮ್ಮ ದೇಶದಲ್ಲಿಯೂ ಕ್ರಮವು ಬಹುಮಟ್ಟಿಗೆ ಇದೇ ಆಗಿತ್ತು.

ಬ್ರಿಟನ್ನಿನ ಎಂಜಿನ್ನಿನವರು ಇದರ ಜೊತೆಗೆ ಇನ್ನೊಂದು ಏರ್ಪಾಡನ್ನು ಮಾಡಿಕೊಂಡಿದ್ದರು. ಉಪಾಧ್ಯಾಯ ವರ್ಗಕ್ಕೆ ಸೇರಿದ ನಮ್ಮ ಮನಸ್ಸನ್ನು ಇದು ವಿಶೇಷವಾಗಿ ಸೆಳೆಯಬೇಕು. ಪರಸ್ಪರ ಸುಧಾರಣೆಯ ತರಗತಿಗಳೆಂಬ ಹೆಸರಿನಲ್ಲಿ ಅವರು ತಮಗೆ ತಾವೇ ಪಾಠಶಾಲೆಗಳನ್ನು ನಡೆಸುತ್ತಿದ್ದರು. ಬಿಡುವಿನ ವೇಳೆಯಲ್ಲಿ, ಅನೇಕ ಕಡೆ ಭಾನುವಾರಗಳಲ್ಲಿ, ವಾರವೆಲ್ಲ ದುಡಿದ ಹಿರಿಯ ಡ್ರೈವರರು ಕಿರಿಯ ಫೈರ್‌ಮನ್ನರನ್ನು ಕೂಡಿಸಿಕೊಂಡು, ಸಿಲಿಂಡರು ಕವಾಟಗಳ ಮಾದರಿಗಳನ್ನು ಮುಂದಿಟ್ಟು, ನಿಯಮಗಳನ್ನೂ ಯಂತ್ರದ ರೋಗಗಳನ್ನೂ ಅವುಗಳ ಮದ್ದನ್ನೂ ಹೇಳಿಕೊಡುತ್ತಿದ್ದರು. ಕಲಿಸುವವರಿಗೆ ಸಂಬಳವಿಲ್ಲ, ಕಲಿಯುವವರಿಗೆ ಒತ್ತಾಯವಿಲ್ಲ. ಡ್ರೈವರನಾಗುವ ಪರೀಕ್ಷೆಯಲ್ಲಿ ಗೆದ್ದವರಲ್ಲಿ ಎಷ್ಟೋ ಜನರು ಈ ಶಾಲೆಗಳಲ್ಲಿ ಕಲಿತವರು. ಕಿರಿಯನು ಕಲಿತರೆ ನನಗೇನು ಲಾಭವೆಂದು ಹಿರಿಯನು ಕೇಳಲಿಲ್ಲ. ಕಲಿಯದ ಕಿರಿಯನ ಕೈಯಲ್ಲಿ ತನ್ನ ಪ್ರಾಣವೂ ಇದೆಯೆಂಬುದನ್ನು ಅವನು ಬಲ್ಲವನಾಗಿದ್ದನು.

ಮಹಾಭಾರತದ ನಳೋಪಾಖ್ಯಾನದಲ್ಲಿಯೂ ಕನಕದಾಸರ ನಳಚರಿತ್ರೆಯಲ್ಲಿಯೂ ನಾವು ಕಾಣುವ ಬಾಹುಕನು ಇಲ್ಲಿ ನೆನಪಾಗುತ್ತಾನೆ. ಋತುಪರ್ಣನ ಸಾರಥಿಯಾಗಿ ರಥವನ್ನು ಗಾಳಿಯ ವೇಗದಲ್ಲಿ ನಡೆಸಿದ ಆತನು ತನ್ನ ಅಶ್ವವಿದ್ಯೆಯನ್ನು ರಾಜನಿಗೆ ಕೊಟ್ಟು, ರಾಜನಿಂದ ಅಕ್ಷವಿದ್ಯೆಯನ್ನು ಪಡೆದನು. ಆ ಎರಡು ವಿದ್ಯೆಗಳೂ ಓಲೆಯಲ್ಲಿ ಬರೆದಿಟ್ಟವುಗಳಲ್ಲ. ಬಲ್ಲವನ ಬಾಯಿಂದಲೇ ಬರಬೇಕಾದವು.

ಯಂತ್ರವು ಹೋದದ್ದು, ಮರಳಿದ್ದು

ಸಾಮಾನ್ಯ ಉಗಿ ಎಂಜಿನ್ನು ತಿಂದ ಇದ್ದಲಿನ ಶಕ್ತಿಯಲ್ಲಿ ನೂರಕ್ಕೆ ಹತ್ತು ಪಾಲನ್ನೂ ಎಳೆತಕ್ಕೆ ಒದಗಿಸುತ್ತಿರಲಿಲ್ಲ. ಡೀಸೆಲ್ ಮತ್ತು ವಿದ್ಯುತ್ ಎಂಜಿನ್ನುಗಳ ಮುಂದೆ ಅದು ನಿಲ್ಲದೆ ಹೋದದ್ದು ಸಹಜ, ಅದಕ್ಕಾಗಿ ಮರುಗಬೇಕಾದುದಿಲ್ಲ. ಬ್ರಿಟಿಷ್ ರೈಲ್ವೆಯು ತನ್ನ ಮುಖ್ಯ ಮಾರ್ಗಗಳ ಕೊನೆಯ ಉಗಿಗಾಡಿಯನ್ನು ೧೯೬೮ರ ಆಗಸ್ಟ್ ೧೧ರಂದು ಲಿವರ್‌ಪೂಲಿನಿಂದ ಕಾರ್ಲೈಲಿಗೆ, ಇದೇ ಸೆಟ್ಲ್ ಮಾರ್ಗವಾಗಿ ಓಡಿಸಿತು. ನಮ್ಮ ಚಿತ್ತರಂಜನ್ ಕಾರ್ಖಾನೆಯು ೧೯೫೦ರಿಂದ ಮೊದಲ್ಗೊಂಡು ೨,೩೫೧ ಉಗಿ ಎಂಜಿನ್ನುಗಳನ್ನು ಕಟ್ಟಿ, ೧೯೭೦ರ ದಶಕದ ಆರಂಭದಲ್ಲಿ ಆ ಕೆಲಸವನ್ನು ನಿಲ್ಲಿಸಿತು. ಬ್ರಾಡ್‌ಗೇಜಿನಲ್ಲಿ ದಿನವಹಿ ಉಗಿಗಾಡಿಗಳು ೧೯೯೫ರ ಡಿಸೆಂಬರಿನಲ್ಲಿ ಮುಗಿದವು. ೧೮೫೫ರಲ್ಲಿ ಕಟ್ಟಿದ ‘ಫೇರಿ ಕ್ವೀನ್’ ಎಂಜಿನ್ನನ್ನು ೧೯೯೭ರಲ್ಲಿ ಮತ್ತೆ ಹಳಿಗಿಳಿಸಿ ಪ್ರವಾಸಿಗಳಿಗಾಗಿ ಓಡಿಸಿದ್ದು ನಮ್ಮವರ ಹೆಮ್ಮೆಯ ಸಂಗತಿ.

ಇಂಗ್ಲೆಂಡಿನಲ್ಲಿ ಇದಕ್ಕಿಂತ ದೊಡ್ಡ ಸಾಹಸವೊಂದು ನಡೆಯಿತು. ೧೯೪೮–೪೯ರಲ್ಲಿ ಕಟ್ಟಿದ ಎ–೧ ಎಂಬ ವರ್ಗದ ೪೯ ಎಂಜಿನ್ನುಗಳಲ್ಲಿ ಒಂದೂ ಉಳಿಯದೆ ಗುಜರಿಗೆ ಹೋಗಿದ್ದವು. ಹಾಗಾದರೆ ಹೊಸದನ್ನೇ ಕಟ್ಟೋಣವೆಂದು ಕೆಲವರು ೧೯೯೦ರಲ್ಲಿ ಒಂದು ದತ್ತಿಸಂಸ್ಥೆಯನ್ನು ಸ್ಥಾಪಿಸಿದರು. ಶ್ರೀಮಂತರೊಬ್ಬರ ಕೊಡುಗೆಯನ್ನು ಕಾಯದೆ, ಸಾಮಾನ್ಯ ಜನರು ತಿಂಗಳಿಗಿಷ್ಟೆಂದು ಕೊಟ್ಟ ಸಣ್ಣ ಸಣ್ಣ ವಂತಿಗೆಗಳನ್ನು ವರ್ಷಗಟ್ಟಲೆ ಕೂಡಿಸಿದರು. ಯಾರ್ಕಿನ ರಾಷ್ಟ್ರೀಯ ರೈಲ್ವೆ ವಸ್ತುಸಂಗ್ರಹಾಲಯದಲ್ಲಿದ್ದ ಮೂಲ ನಕ್ಷೆಗಳನ್ನು ಹುಡುಕಿ ತೆಗೆದರು. ಹದಿನೆಂಟು ವರ್ಷಗಳ ಮೇಲೆ, ೨೦೦೮ರಲ್ಲಿ, ‘ಟೊರ್ನೇಡೊ’ ಎಂಬ ಹೊಸ ಉಗಿ ಎಂಜಿನ್ನು ಹಳಿಯ ಮೇಲೆ ನಿಂತಿತು. ಅದು ೨೦೧೭ರ ಫೆಬ್ರವರಿಯಲ್ಲಿ ಸೆಟ್ಲ್–ಕಾರ್ಲೈಲ್ ಮಾರ್ಗದಲ್ಲಿ ಮೂರು ದಿನಗಳ ಕಾಲ ವೇಳಾಪಟ್ಟಿಯ ಗಾಡಿಯನ್ನೇ ಎಳೆಯಿತು.

ಆದರೆ ಈ ಕಥೆಯಲ್ಲಿ ಒಂದು ಮಾತು ಗಮನಿಸತಕ್ಕದ್ದು. ನಕ್ಷೆಯಿತ್ತು, ಹಣವೂ ಕೂಡಿತು. ಬಾಯ್ಲರನ್ನು ಮಾತ್ರ ಜರ್ಮನಿಯ ಮೈನಿಂಗನ್ ಎಂಬ ಊರಿನ ಕಾರ್ಖಾನೆಯಲ್ಲಿ ಮಾಡಿಸಬೇಕಾಯಿತು. ಪೂರ್ವ ಜರ್ಮನಿಯಲ್ಲಿ ಉಗಿ ಎಂಜಿನ್ನುಗಳು ಬಹುಕಾಲ ಓಡಿದ್ದರಿಂದ, ಅಲ್ಲಿಯ ಕುಶಲಕರ್ಮಿಗಳ ಕೈಯಲ್ಲಿ ಆ ಕೆಲಸವು ನಿಂತುಹೋಗದೆ ಉಳಿದಿತ್ತು. ಉಗಿ ಎಂಜಿನ್ನನ್ನು ಜಗತ್ತಿಗೆ ಕೊಟ್ಟ ದೇಶವೇ ತನ್ನ ಎಂಜಿನ್ನಿನ ಬಾಯ್ಲರಿಗಾಗಿ ಹೊರದೇಶದವರ ಕೈಯನ್ನು ಅರಸಿಕೊಂಡು ಹೋಗಬೇಕಾಯಿತು.

ಉಪಸಂಹಾರ

ಕಟ್ಟುವ ವಿದ್ಯೆಯ ಪಾಡು ಇದಾದರೆ ನಡೆಸುವ ವಿದ್ಯೆಯ ಪಾಡೇನು? ಅದಕ್ಕೆ ನಕ್ಷೆಯೂ ಇಲ್ಲ. ಇಂದು ಬ್ರಿಟನ್ನಿನ ಮುಖ್ಯ ಮಾರ್ಗಗಳಲ್ಲಿ ಪ್ರವಾಸಿಗಳಿಗಾಗಿ ಓಡುವ ಉಗಿಗಾಡಿಗಳನ್ನು ನಡೆಸುವವರಲ್ಲಿ ಹೆಚ್ಚಿನವರು ೧೯೬೮ರ ಬಳಿಕ ಕಲಿತವರು. ಹಳೆಯ ಡ್ರೈವರರ ಪಕ್ಕದಲ್ಲಿ ನಿಂತವರಿಂದ ಅವರಿಗೆ, ಅವರಿಂದ ಮುಂದಿನವರಿಗೆ ಅದು ದಾಟುತ್ತಿದೆ. ಎಲ್ಲಿ ಒಂದು ತಲೆಮಾರಿನಲ್ಲಿ ಈ ದಾಟುವಿಕೆಯು ತಪ್ಪಿತೋ ಅಲ್ಲಿ ಎಂಜಿನ್ನು ವಸ್ತುಸಂಗ್ರಹಾಲಯದಲ್ಲಿ ಬಣ್ಣ ಹಚ್ಚಿಸಿಕೊಂಡು ನಿಂತಿರುತ್ತದೆ. ಬೆಂಕಿ ಹಾಕಬಲ್ಲವರು ಮಾತ್ರ ಇರುವುದಿಲ್ಲ. ಯಂತ್ರವನ್ನು ನಕ್ಷೆಯಿಂದ ಮತ್ತೆ ಕಟ್ಟಬಹುದು. ವಿದ್ಯೆಯನ್ನು ಮನುಷ್ಯನಿಂದ ಮನುಷ್ಯನಿಗೇ ದಾಟಿಸಬೇಕು.

ಈ ಮಾತನ್ನು ಶಾಲೆಯೊಂದರ ಸ್ಮರಣ ಸಂಚಿಕೆಯಲ್ಲಿ ಹೇಳುವುದು ಅನುಚಿತವಾಗಲಾರದು. ಕಟ್ಟಡಗಳನ್ನು ಕಟ್ಟಿಸಿಕೊಟ್ಟ ದಾನಿಗಳ ಹೆಸರು ಕಲ್ಲಿನಲ್ಲಿ ಉಳಿಯುವುದು ನ್ಯಾಯವೇ. ಆ ಕಟ್ಟಡದೊಳಗೆ ಬಲ್ಲವನೊಬ್ಬನು ಅರಿಯದವನೊಬ್ಬನ ಗದ್ದವನ್ನು ಹಿಡಿದು, ನೋಡಬೇಕಾದ ಕಡೆಗೆ ತಿರುಗಿಸುವ ಕೆಲಸವು ದಿನವೂ ನಡೆಯುತ್ತಿದ್ದರೆ ಮಾತ್ರ ಆ ದಾನವು ಸಾರ್ಥಕ. ನನ್ನನ್ನು ಎಂಜಿನ್ನಿನ ಮೇಲೆ ಹತ್ತಿಸಿಕೊಂಡ ಆ ಡ್ರೈವರರ ಹೆಸರು ನನಗೆ ತಿಳಿಯದು. ಅವರು ಈಗ ಇರಲಾರರು. ನಾನು ಎಂಜಿನ್ನು ನಡೆಸುವವನಾಗಲಿಲ್ಲ, ವ್ಯಾಕರಣ ಹೇಳುವವನಾದೆ. ಆದರೂ ಹೊಸದಾಗಿ ಬಂದ ವಿದ್ಯಾರ್ಥಿಯು ಪದ್ಯದ ಹೊಳಪನ್ನೇ ನೋಡುತ್ತ ಅನ್ವಯವನ್ನು ಬಿಟ್ಟಾಗಲೆಲ್ಲ ಅವರ ಮಾತೇ ನನ್ನ ಬಾಯಿಗೆ ಬರುತ್ತದೆ: ‘ಬೆಂಕಿ ಎಲ್ಲಾರೂ ನೋಡ್ತಾರ ತಮ್ಮಾ, ನೀ ನೀರು ನೋಡು.’